ಕಿವಿಯ ಉಬ್ಬುಕಲೆಗೆ ಶೈತ್ಯ ಚಿಕಿತ್ಸೆ

ಕಿವಿ ಚುಚ್ಚಿಸುವುದು ನಮ್ಮ ನಾಡಿನಲ್ಲಿ ಮಗುವಿಗೆ ನಡೆಯುವ ಮೊದಲ ಶಾಸ್ತ್ರಗಳಲ್ಲಿ ಒಂದು. ಸೋದರಮಾವನ ತೊಡೆಯ ಮೇಲೆ ಮಗುವನ್ನು ಕುಳ್ಳಿರಿಸಿ, ಅಕ್ಕಸಾಲಿಗರಿಂದ ಚಿನ್ನದ ತಂತಿಯಲ್ಲಿ ಹಾಲೆಯನ್ನು ಚುಚ್ಚಿಸುವ ವಾಡಿಕೆ ಇಂದಿಗೂ ಅನೇಕ ಮನೆಗಳಲ್ಲಿದೆ. ಮದುವೆ ನಿಶ್ಚಯವಾದ ಮೇಲೆ ಹೆಣ್ಣುಮಕ್ಕಳಿಗೆ ಎರಡನೆಯ ಮೂರನೆಯ ರಂಧ್ರಗಳನ್ನು ಮಾಡಿಸುವುದೂ ಉಂಟು. ಅಜ್ಜಿಯರು ಬುಗುಡಿ ಧರಿಸುವುದಕ್ಕಾಗಿ ಕಿವಿಯ ಮೇಲಂಚನ್ನು ಚುಚ್ಚಿಸಿಕೊಳ್ಳುತ್ತಿದ್ದರು; ಬುಗುಡಿ ಮರೆಯಾಯಿತೆಂದುಕೊಳ್ಳುವಷ್ಟರಲ್ಲಿ ಇಂದಿನ ಯುವತಿಯರು ಅದೇ ಸ್ಥಳವನ್ನು ಪೇಟೆಯ ಅಂಗಡಿಗಳಲ್ಲಿ ಚುಚ್ಚಿಸಿಕೊಂಡು ಬರುತ್ತಿದ್ದಾರೆ. ಬಹುಪಾಲು ಜನರಲ್ಲಿ ಈ ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ಕೆಲವರಲ್ಲಿ ಮಾತ್ರ ಗಾಯ ಮಾಯ್ದ ಮೇಲೂ ಆ ಸ್ಥಳದ ಚರ್ಮ ಬೆಳೆಯುತ್ತ ಹೋಗಿ, ನುಣುಪಾದ, ಗಟ್ಟಿಯಾದ, ಕೆಂಪು ಅಥವಾ ಕಪ್ಪು ಬಣ್ಣದ ಗಂಟಾಗಿ ನಿಲ್ಲುತ್ತದೆ. ಮೊದಲಿಗೆ ಸಾಸಿವೆಯಷ್ಟು, ಮುಂದೆ ಹುಣಸೆಯ ಬೀಜದಷ್ಟು, ಅಲಕ್ಷಿಸಿದರೆ ಅಡಿಕೆಯಷ್ಟು. ನಮ್ಮ ಕಡೆ ಇದನ್ನು ದುರ್ಮಾಂಸವೆನ್ನುತ್ತಾರೆ. ವೈದ್ಯಕೀಯದಲ್ಲಿ ಇದರ ಹೆಸರು ಕೀಲಾಯ್ಡ್.

ಈ ಹೆಸರನ್ನಿತ್ತವನು ಅಲಿಬೇರ್ ಎಂಬ ಫ್ರಾನ್ಸ್ ದೇಶದ ಚರ್ಮವೈದ್ಯ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆತ ಇದನ್ನು ಮೊದಲು ಒಂದು ಬಗೆಯ ಅರ್ಬುದವೆಂದೇ ಭಾವಿಸಿದ್ದನು. ಅನಂತರ ತನ್ನ ತಪ್ಪನ್ನು ತಿದ್ದಿಕೊಂಡು, ಗಂಟಿನಿಂದ ಸುತ್ತಲಿನ ಚರ್ಮಕ್ಕೆ ಚಾಚುವ ಅಂಚುಗಳು ಏಡಿಯ ಕೊಂಡಿಗಳಂತೆ ಕಾಣುವುದರಿಂದ ಆ ಅರ್ಥದ ಗ್ರೀಕ್ ಶಬ್ದದಿಂದ ಹೊಸ ಹೆಸರನ್ನು ರಚಿಸಿದನು. ಅಷ್ಟು ದೊಡ್ಡ ವೈದ್ಯನೇ ಅರ್ಬುದವೆಂದು ತಿಳಿದಿದ್ದ ಮೇಲೆ ನಮ್ಮ ಹಳ್ಳಿಯ ಅತ್ತೆ ಮಾವಂದಿರು ಹಾಗೆ ಹೆದರುವುದು ಆಶ್ಚರ್ಯವಲ್ಲ. ಆದರೆ ಇದು ಅರ್ಬುದವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ಒಂದೇ ಹಾಸಿಗೆ, ಒಂದೇ ಟವೆಲ್, ಒಂದೇ ಸೋಪು ಬಳಸಿದರೂ ಗಂಡನಿಗಾಗಲಿ ಎದೆಹಾಲು ಕುಡಿಯುವ ಮಗುವಿಗಾಗಲಿ ಇದು ಬರುವುದಿಲ್ಲ.

ಗಂಟು ಬೆಳೆಯುವುದೇಕೆ?

ಮಳೆಗಾಲದಲ್ಲಿ ಗದ್ದೆಯ ಬದು ಒಡೆದರೆ ನಾವು ಮಣ್ಣು ತಂದು ತುಂಬುತ್ತೇವೆ. ಬಿರುಕು ಮುಚ್ಚಿದೊಡನೆ ಗುದ್ದಲಿಯನ್ನು ಕೆಳಗಿಡುತ್ತೇವೆ. ದೇಹವೂ ಗಾಯವನ್ನು ಹೀಗೆಯೇ ದುರಸ್ತಿ ಮಾಡುತ್ತದೆ. ಚರ್ಮದ ಒಳಪದರದಲ್ಲಿರುವ ಕೆಲವು ಜೀವಕೋಶಗಳು ಕೊಲಾಜನ್ ಎಂಬ ನಾರಿನಂತಹ ಪದಾರ್ಥವನ್ನು ತಯಾರಿಸಿ ಗಾಯವನ್ನು ತುಂಬುತ್ತವೆ. ತುಂಬಿದ ಮೇಲೆ ಸುಮ್ಮನಾಗುತ್ತವೆ. ಕೀಲಾಯ್ಡ್ ಆಗುವ ಪ್ರಕೃತಿಯವರಲ್ಲಿ ಈ ಕೋಶಗಳು ಕೆಲಸ ನಿಲ್ಲಿಸುವುದಿಲ್ಲ. ಬದುವಿನ ಬಿರುಕು ಮುಚ್ಚಿದ ಮೇಲೂ ಮಣ್ಣು ಹೊತ್ತು ಹಾಕುತ್ತ, ಪಕ್ಕದವರ ಗದ್ದೆಗೂ ಸುರಿದಂತೆ, ಗಾಯದ ಎಲ್ಲೆಯನ್ನು ದಾಟಿ ಆರೋಗ್ಯವಂತ ಚರ್ಮಕ್ಕೂ ಹರಡುತ್ತವೆ. ಗಾಯದ ಗೆರೆಯೊಳಗೇ ಉಬ್ಬಿ ನಿಂತು, ತಿಂಗಳುಗಳು ಕಳೆದಂತೆ ತಾನಾಗಿಯೇ ಇಳಿಯುವ ಕಲೆ ಬೇರೆ. ಗಾಯದ ಗೆರೆಯನ್ನು ಮೀರಿ ಬೆಳೆಯುವ ಈ ಗಂಟು ಬೇರೆ. ಇದು ತಾನಾಗಿ ಇಳಿಯುವುದು ಅಪರೂಪ.

ಹತ್ತರಿಂದ ಮೂವತ್ತು ವರ್ಷದೊಳಗಿನವರಲ್ಲಿ, ಬಿಳಿಯ ಮೈಬಣ್ಣದವರಿಗಿಂತ ನಮ್ಮಂತಹ ಕಂದು ಮತ್ತು ಕಪ್ಪು ಮೈಬಣ್ಣದವರಲ್ಲಿ, ಒಂದೇ ಮನೆತನದ ಹಲವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಕಿವಿಯಲ್ಲದೆ ಎದೆಯ ನಡುಭಾಗ, ಭುಜ, ತೋಳು ಇವು ಇದರ ಸಾಮಾನ್ಯ ಸ್ಥಾನಗಳು. ದೇವಿ ಹಾಕಿಸಿಕೊಂಡ ಹಳೆಯ ಗುರುತು, ಮೊಡವೆ, ಒಲೆಯ ಸುಟ್ಟಗಾಯ, ಹೆರಿಗೆಯ ಅಥವಾ ಸಂತಾನ ನಿಯಂತ್ರಣದ ಶಸ್ತ್ರಚಿಕಿತ್ಸೆಯ ಗೆರೆ, ಯಾವುದರ ಮೇಲೂ ಇದು ಏಳಬಹುದು. ಹರೆಯದಲ್ಲಿಯೂ ಗರ್ಭಧಾರಣೆಯ ಕಾಲದಲ್ಲಿಯೂ ಇದ್ದ ಗಂಟು ಹಿಗ್ಗುವುದುಂಟು, ತುರಿಕೆ ನೋವು ಹೆಚ್ಚುವುದುಂಟು. ಬಸುರಿಯಾದ ಸೊಸೆಯ ಕಿವಿಯ ಗಂಟು ದೊಡ್ಡದಾಯಿತೆಂದು ಕಣಿ ಕೇಳಲು ಹೋಗುವವರನ್ನು ಕಂಡಿದ್ದೇನೆ. ಕಾರಣ ದೇಹದೊಳಗಿನ ಹಾರ್ಮೋನುಗಳ ಏರಿಳಿತ, ಬೇರೇನೂ ಅಲ್ಲ.

ಬರಿದೆ ಕತ್ತರಿಸಬೇಡಿ

ಭದ್ರಾವತಿ ತಾಲ್ಲೂಕಿನ ಒಂದು ಹಳ್ಳಿಯ ಯುವ ದಂಪತಿಗಳು ನನ್ನಲ್ಲಿಗೆ ಬಂದ ಸಂದರ್ಭವನ್ನು ಇಲ್ಲಿ ಹೇಳುವುದು ಉಚಿತ. ಆಕೆಗೆ ಇಪ್ಪತ್ತನಾಲ್ಕು ವರ್ಷ. ಮದುವೆಗೆ ಮುಂಚೆ ಮಾಡಿಸಿದ ಎರಡನೆಯ ರಂಧ್ರದಲ್ಲಿ ಬಲಕಿವಿಯ ಹಿಂದೆ ಹುಣಸೆ ಬೀಜದಷ್ಟು ಗಂಟು ಎದ್ದಿತ್ತು. ಮನೆಯ ಹಿರಿಯರು ಮೊದಲು ಸುಣ್ಣ ಸೋಪು ಕಲಸಿ ಹಚ್ಚಿಸಿದರು. ಚರ್ಮ ಸುಟ್ಟು ಹುಣ್ಣಾಯಿತು. ಆಮೇಲೆ ಗಂಟಿನ ಬುಡಕ್ಕೆ ಕುದುರೆಯ ಬಾಲದ ಕೂದಲನ್ನು ಬಿಗಿದರು, ಕೀವಾಯಿತು. ಕೊನೆಗೆ ಗಂಡನೇ ಹಣ ಹೊಂದಿಸಿ ಒಂದು ಕಡೆ ಅದನ್ನು ಕತ್ತರಿಸಿ ತೆಗೆಸಿದನು. ಹದಿನೈದು ನಿಮಿಷದ ಕೆಲಸ. ಹೊಲಿಗೆ ಬಿಚ್ಚುವ ದಿನ ಕಿವಿ ಅಚ್ಚುಕಟ್ಟಾಗಿತ್ತು. ಮುಂದೆ ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿಕಳುಹಿಸಲಿಲ್ಲ. ಆರು ತಿಂಗಳಲ್ಲಿ ಅದೇ ಸ್ಥಳದಲ್ಲಿ ಅಡಿಕೆಗಿಂತ ದೊಡ್ಡ ಗಂಟು ಎದ್ದಿತು.

ಇದರಲ್ಲಿ ವಿಚಿತ್ರವೇನೂ ಇಲ್ಲ. ಗಾಯದಿಂದ ಹುಟ್ಟಿದ ಗಂಟನ್ನು ಇನ್ನೊಂದು ದೊಡ್ಡ ಗಾಯ ಮಾಡಿ ತೆಗೆದರೆ, ಆ ಗಾಯವೂ ಅದೇ ದಾರಿ ಹಿಡಿಯುವುದು ಸಹಜ. ಬರಿದೆ ಕತ್ತರಿಸಿದ ಕೀಲಾಯ್ಡುಗಳಲ್ಲಿ ಸುಮಾರು ಅರ್ಧದಷ್ಟಾದರೂ, ಅನೇಕ ವೇಳೆ ಅದಕ್ಕಿಂತ ಹೆಚ್ಚು, ಮರಳಿ ಬೆಳೆಯುತ್ತವೆ. ಕತ್ತರಿಸಲೇಬಾರದೆಂದು ಇದರ ಅರ್ಥವಲ್ಲ. ಬಹಳ ದೊಡ್ಡದಾದ, ತೊಟ್ಟಿನಿಂದ ಜೋತಾಡುವ ಗಂಟುಗಳನ್ನು ಕತ್ತರಿಸುವುದೇ ಸರಿ; ಆದರೆ ಕತ್ತರಿಸಿದ ಸ್ಥಳಕ್ಕೆ ಚುಚ್ಚುಮದ್ದು, ಒತ್ತುಬಿಲ್ಲೆ ಅಥವಾ ಬೇರೆ ಕಾವಲು ಚಿಕಿತ್ಸೆ ಇರಲೇಬೇಕು. ಆ ದಂಪತಿಗಳಿಗೆ ತಪ್ಪಿಹೋದದ್ದು ಈ ಕಾವಲು.

ಶೈತ್ಯ ಚಿಕಿತ್ಸೆ ಎಂದರೇನು?

ಚಿಕ್ಕ ಮತ್ತು ಮಧ್ಯಮ ಗಾತ್ರದ ಗಂಟುಗಳನ್ನು ಕತ್ತರಿಸದೆಯೇ ಕುಗ್ಗಿಸಲು ಇರುವ ಮಾರ್ಗಗಳಲ್ಲಿ ಶೈತ್ಯ ಚಿಕಿತ್ಸೆ, ಅಂದರೆ ಹೆಪ್ಪುಗಟ್ಟಿಸುವ ಚಿಕಿತ್ಸೆ, ಮುಖ್ಯವಾದುದು. ಇದಕ್ಕೆ ಬಳಸುವುದು ದ್ರವ ಸಾರಜನಕ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಅದನ್ನು ಅತಿಯಾಗಿ ತಣಿಸಿದರೆ ನೀರಿನಂತಹ ದ್ರವವಾಗುತ್ತದೆ. ಈ ದ್ರವದ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಉಕ್ಕಿನ ತಯಾರಿಕೆಗೆ ಬೇಕಾದ ಆಮ್ಲಜನಕವನ್ನು ಗಾಳಿಯಿಂದ ಬೇರ್ಪಡಿಸುವ ಬಗೆಯೂ ಇಂತಹ ತಣಿಸುವ ವಿಧಾನವೇ ಆದ್ದರಿಂದ, 1923ರಲ್ಲಿ ಕಬ್ಬಿಣ ಕರಗಿಸಲಾರಂಭಿಸಿದ ಕಾರ್ಖಾನೆಯ ಊರಾದ ಭದ್ರಾವತಿಯವರಿಗೆ ಈ ಮಾತು ತೀರ ಹೊಸದಾಗಿರಲಾರದು.

ಹಸು ಸಾಕಿದ ರೈತರಿಗಂತೂ ಈ ದ್ರವದ ಪರಿಚಯವೇ ಇದೆ. ಕೃತಕ ಗರ್ಭಧಾರಣೆಗೆಂದು ಪಶು ಆಸ್ಪತ್ರೆಯವರು ತರುವ ಜಾಡಿಯ ಮುಚ್ಚಳ ತೆಗೆದೊಡನೆ ಬಿಳಿಯ ಹೊಗೆ ಹೊರಚೆಲ್ಲುವುದನ್ನು ನೀವು ನೋಡಿರಬಹುದು. ಆ ಜಾಡಿಯಲ್ಲಿರುವುದು ಇದೇ ದ್ರವ ಸಾರಜನಕ. ಹೆಸರಘಟ್ಟದಂತಹ ಕೇಂದ್ರಗಳಲ್ಲಿ ಹೆಪ್ಪುಗಟ್ಟಿಸಿದ ಹೋರಿಯ ವೀರ್ಯ ಹಳ್ಳಿಯನ್ನು ತಲಪುವುದು ಇದರಲ್ಲಿ ಮುಳುಗಿಕೊಂಡೇ. ಹಾಗೆಂದು ಜಾಡಿಯವರನ್ನು ಕಂಡು ಕಿವಿ ಒಡ್ಡಬೇಡಿ. ಎಷ್ಟು ಸೆಕೆಂಡು, ಎಷ್ಟು ಆಳ, ಎಷ್ಟು ಬಾರಿ ಎಂಬ ಲೆಕ್ಕವೇ ಈ ಚಿಕಿತ್ಸೆಯ ಜೀವಾಳ. ಲೆಕ್ಕ ತಪ್ಪಿದರೆ ಕಿವಿಯ ಮೃದ್ವಸ್ಥಿಗೂ ಹಾನಿಯಾಗಬಹುದು.

ಅತಿಶೈತ್ಯ ತಗುಲಿದೊಡನೆ ಗಂಟಿನ ಜೀವಕೋಶಗಳಲ್ಲಿರುವ ನೀರು ಮಂಜುಗಡ್ಡೆಯ ಹರಳುಗಳಾಗಿ ಕೋಶಗಳನ್ನು ಒಡೆಯುತ್ತದೆ. ಗಂಟಿಗೆ ರಕ್ತವೊದಗಿಸುವ ಸಣ್ಣ ನಾಳಗಳು ಹಾಳಾಗಿ ಮುಚ್ಚಿಹೋಗುತ್ತವೆ. ಪೋಷಣೆ ತಪ್ಪಿದ ಗಂಟು ದಿನಗಳು ಕಳೆದಂತೆ ಕುಗ್ಗುತ್ತದೆ. ಕೊಲಾಜನ್ನಿನ ಹಂದರ ಮಾತ್ರ ಶೈತ್ಯವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವುದರಿಂದ ಗಾಯ ಮಾಯುವಾಗ ಹೊಸ ಕಲೆ ಸಾಮಾನ್ಯವಾಗಿ ಚಪ್ಪಟೆಯಾಗಿರುತ್ತದೆ. ಕತ್ತರಿಯ ಗಾಯಕ್ಕೂ ಶೈತ್ಯದ ಗಾಯಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಗಂಟನ್ನು ಶುಚಿಗೊಳಿಸಿ, ಅಗತ್ಯವಿದ್ದರೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ದ್ರವ ಸಾರಜನಕವನ್ನು ಸಣ್ಣ ಮೂತಿಯಿಂದ ಸಿಂಪಡಿಸುತ್ತಾರೆ ಇಲ್ಲವೆ ತಣಿಸಿದ ಲೋಹದ ತುದಿಯನ್ನು ಒತ್ತಿಹಿಡಿಯುತ್ತಾರೆ. ಗಂಟು ನೋಡನೋಡುತ್ತಿದ್ದಂತೆ ಬಿಳಿಯ ಮಂಜಿನ ಗುಂಡಾಗುತ್ತದೆ. ಒಮ್ಮೆಗೆ ಸುಮಾರು 10ರಿಂದ 30 ಸೆಕೆಂಡು; ಪೂರ್ತಿ ಕರಗಲು ಬಿಟ್ಟು ಮತ್ತೆ ಒಂದೆರಡು ಬಾರಿ ಹಾಗೆಯೇ. ದಪ್ಪ ಗಂಟಾದರೆ ಅದರೊಳಗೆ ಉದ್ದನೆಯ ವಿಶೇಷ ಸೂಜಿಯನ್ನು ತೂರಿಸಿ, ಸೂಜಿಯ ಮೂಲಕ ದ್ರವವನ್ನು ಹರಿಸಿ ಒಳಗಿನಿಂದಲೇ ಹೆಪ್ಪುಗಟ್ಟಿಸುವ ವಿಧಾನವೂ ಇದೆ. ಇದರಲ್ಲಿ ಮೇಲ್ಚರ್ಮಕ್ಕೆ ಹಾನಿ ಕಡಿಮೆ. ಆದರೆ ಇದು ಎಲ್ಲ ಆಸ್ಪತ್ರೆಗಳಲ್ಲಿ ದೊರೆಯುವಂತಹುದಲ್ಲ.

ಒಂದು ಸಲಕ್ಕೆ ಗುಣವಾಗುವುದಿಲ್ಲ. ಮೂರು ನಾಲ್ಕು ವಾರಗಳಿಗೊಮ್ಮೆಯಂತೆ ಹಲವು ಸರದಿಗಳು ಬೇಕಾಗುತ್ತವೆ. ಜೊತೆಗೆ ಗಂಟಿನೊಳಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಚುಚ್ಚುಮದ್ದನ್ನೂ ಕೊಡುವುದುಂಟು. ಎರಡೂ ಸೇರಿದಾಗ ಫಲ ಸಾಮಾನ್ಯವಾಗಿ ಒಂದೊಂದರಿಂದ ದೊರೆಯುವುದಕ್ಕಿಂತ ಉತ್ತಮ. ಹೆಪ್ಪುಗಟ್ಟಿಸಿದ ಗಂಟು ಕರಗುವಾಗ ಊದಿಕೊಂಡು ಮೆತ್ತಗಾಗುವುದರಿಂದ ಗಟ್ಟಿಯಾದ ಗಂಟಿಗೂ ಆಗ ಮದ್ದು ಸುಲಭವಾಗಿ ಇಳಿಯುತ್ತದೆ.

ಮನೆಗೆ ಬಂದ ಮೇಲಿನ ದಿನಗಳು

ನನ್ನ ಅನುಭವದಲ್ಲಿ ಈ ಚಿಕಿತ್ಸೆ ಸೋಲುವುದು ಆಸ್ಪತ್ರೆಯಲ್ಲಿ ಅಲ್ಲ, ಮನೆಯಲ್ಲಿ. ಅದೂ ಮೊದಲ ವಾರದಲ್ಲಿ. ಮೇಲೆ ಹೇಳಿದ ಯುವತಿಯನ್ನು ಶಿವಮೊಗ್ಗಕ್ಕೆ ಕಳುಹಿಸಿದೆನು. ಮೊದಲ ಸರದಿ ಮುಗಿಸಿ ಬಸ್ಸಿನಲ್ಲಿ ಮರಳುವಾಗಲೇ ಕಿವಿ ಊದತೊಡಗಿತ್ತು. ಮರುದಿನ ದೊಡ್ಡ ಬೊಬ್ಬೆ, ಅದರೊಳಗೆ ಕೆಂಪು ನೀರು. ಮೂರನೆಯ ದಿನ ಒಡೆದು ಸೋರಲಾರಂಭಿಸಿತು. ಮನೆಯವರೆಲ್ಲ ಗಾಬರಿಗೊಂಡರು, ಕಿವಿ ಕೊಳೆಯಿತೆಂದು ಒಬ್ಬರು, ಮೊದಲೇ ಹೇಳಿದ್ದೆನೆಂದು ಇನ್ನೊಬ್ಬರು. ಯಾರೋ ಬೂದಿ ಹಚ್ಚಿದರು. ಆಕೆ ಮೂರು ತಿಂಗಳು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ತಪ್ಪು ಆಕೆಯದಲ್ಲ. ಊತ, ಬೊಬ್ಬೆ, ಕೆಲವು ದಿನಗಳ ಸೋರಿಕೆ, ಆಮೇಲೆ ಕಪ್ಪು ಹಕ್ಕಳೆ, ಇವೆಲ್ಲ ಚಿಕಿತ್ಸೆ ಕೆಲಸ ಮಾಡುತ್ತಿರುವ ಲಕ್ಷಣಗಳು ಎಂಬುದನ್ನು ಮುಂಚಿತವಾಗಿಯೇ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ತಿಳಿಸಬೇಕಾಗಿತ್ತು. ನಾನು ಆ ದಿನ ಚೀಟಿ ಬರೆದುಕೊಟ್ಟೆನೇ ಹೊರತು ಈ ಮಾತುಗಳನ್ನು ಹೇಳಿರಲಿಲ್ಲ. ಅಂದಿನಿಂದ ಕಿವಿಯ ಗಂಟಿಗೆ ಚೀಟಿ ಬರೆಯುವ ಮೊದಲು ಗಂಡನನ್ನೂ ಒಳಗೆ ಕರೆಯುತ್ತೇನೆ.

ಗಾಯ ಮಾಯಲು ಎರಡು ಮೂರು ವಾರ ಹಿಡಿಯಬಹುದು. ಪ್ರತಿದಿನ ಕುದಿಸಿ ಆರಿಸಿದ ನೀರು ಮತ್ತು ಸೋಪಿನಿಂದ ಮೃದುವಾಗಿ ತೊಳೆದು, ವೈದ್ಯರು ಕೊಟ್ಟ ಮುಲಾಮು ಅಥವಾ ಶುದ್ಧ ವ್ಯಾಸಲೀನನ್ನು ಹಚ್ಚಿ, ತೆಳುವಾದ ಶುಭ್ರ ಬಟ್ಟೆಯನ್ನು ಮುಚ್ಚಿದರೆ ಸಾಕು. ಬೊಬ್ಬೆಯನ್ನು ಸೂಜಿಯಿಂದ ಒಡೆಯಬಾರದು. ಅರಿಸಿನ, ಬೂದಿ, ಸೊಪ್ಪಿನ ರಸ ಯಾವುದನ್ನೂ ಹಾಕಬಾರದು. ನೋವಿಗೆ ಪ್ಯಾರಸಿಟಮಾಲ್ ಮಾತ್ರೆ ಸಾಮಾನ್ಯವಾಗಿ ಸಾಕಾಗುತ್ತದೆ. ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಹೆರಳು ಹಾಕುವುದನ್ನು ಈ ದಿನಗಳಲ್ಲಿ ಬಿಡುವುದು ಒಳಿತು. ಎಣ್ಣೆಯ ಕೂದಲು ಗಾಯಕ್ಕೆ ಅಂಟಿಕೊಂಡರೆ ತೊಳೆಯುವುದು ಕಷ್ಟ. ಜ್ವರ, ಕೀವು, ದುರ್ವಾಸನೆ, ದಿನೇದಿನೇ ಹೆಚ್ಚುವ ನೋವು, ಅಥವಾ ಕಿವಿಯ ಮೇಲ್ಭಾಗವೆಲ್ಲ ಕೆಂಪಾಗಿ ಊದುವುದು, ಇವು ಕಂಡರೆ ಮುಂದಿನ ಸರದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಬರತಕ್ಕದ್ದು.

ಬಣ್ಣದ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಗಂಟಿನ ಕೋಶಗಳಿಗಿಂತ ಬಹಳ ಸೂಕ್ಷ್ಮ; ಸ್ವಲ್ಪ ಶೈತ್ಯಕ್ಕೇ ಸಾಯುತ್ತವೆ. ಆದ್ದರಿಂದ ನಮ್ಮ ಮೈಬಣ್ಣದವರಲ್ಲಿ ಚಿಕಿತ್ಸೆಯ ಸ್ಥಳ ಬೆಳ್ಳಗಾಗುವುದು ಸಾಮಾನ್ಯ. ಅನೇಕರಲ್ಲಿ ತಿಂಗಳುಗಳು ಕಳೆದಂತೆ ಅಂಚಿನಿಂದ ಬಣ್ಣ ಮರಳುತ್ತದೆ. ಕೆಲವರಲ್ಲಿ ಬಿಳಿಯ ಗುರುತು ಉಳಿದೇಬಿಡುತ್ತದೆ. ಇದು ತೊನ್ನಲ್ಲ, ಹರಡುವುದಿಲ್ಲ. ಆದರೂ ನೆರೆಹೊರೆಯವರ ಬಾಯಿಗೆ ತೊನ್ನಿನ ಹೆಸರು ಬೇಗ ಬರುತ್ತದೆಯಾದ್ದರಿಂದ, ಕಿವಿಯ ಹಿಂಭಾಗದ ಗಂಟಿಗೆ ಈ ಚಿಕಿತ್ಸೆ ಹೆಚ್ಚು ಒಪ್ಪುತ್ತದೆಂದೂ, ಎದುರಿಗೆ ಕಾಣುವ ಸ್ಥಳವಾದರೆ ದಂಪತಿಗಳು ಮೊದಲೇ ಮಾತನಾಡಿಕೊಂಡು ನಿರ್ಧರಿಸುವುದು ಒಳ್ಳೆಯದೆಂದೂ ನನ್ನ ಅಭಿಪ್ರಾಯ.

ಗರ್ಭಿಣಿಯರು, ಗರ್ಭ ಬಯಸುವವರು

ವೈದ್ಯರು ಕೇಳದಿದ್ದರೂ ನೀವು ಹೇಳಲೇಬೇಕಾದ ಸಂಗತಿ ಒಂದಿದೆ: ಮುಟ್ಟು ತಪ್ಪಿದೆಯೇ, ಮಗುವನ್ನು ಬಯಸುತ್ತಿದ್ದೀರೇ, ಮಗು ಎದೆಹಾಲು ಕುಡಿಯುತ್ತಿದೆಯೇ ಎಂಬುದು. ದ್ರವ ಸಾರಜನಕ ರಕ್ತಕ್ಕೆ ಸೇರುವ ಔಷಧವಲ್ಲವಾದ್ದರಿಂದ ಗರ್ಭಿಣಿಯರಿಗೂ ಅದರಿಂದ ಅಪಾಯವಿಲ್ಲವೆಂದು ಪರಿಗಣಿಸಲಾಗಿದೆ. ಆದರೂ ಕಿವಿಯ ಗಂಟು ತುರ್ತಿನ ಕಾಯಿಲೆಯಲ್ಲ. ಹೆರಿಗೆಯಾಗುವವರೆಗೆ ತಡೆಯಬಹುದಾದರೆ ತಡೆಯುವುದೇ ಲೇಸು. ಗರ್ಭಾವಸ್ಥೆಯಲ್ಲಿ ಹಿಗ್ಗಿದ ಗಂಟು ಬಾಣಂತನದ ಅನಂತರ ಸ್ವಲ್ಪ ತಗ್ಗುವುದೂ ಉಂಟು.

ಜೊತೆಗೆ ಕೊಡುವ ಮದ್ದುಗಳ ವಿಷಯ ಬೇರೆ. 5-ಫ್ಲೂರೋಯುರಾಸಿಲ್, ಬ್ಲಿಯೋಮೈಸಿನ್ ಎಂಬ ಚುಚ್ಚುಮದ್ದುಗಳನ್ನೂ ವಿಕಿರಣ ಚಿಕಿತ್ಸೆಯನ್ನೂ ಗರ್ಭಿಣಿಯರಿಗೆ ಕೊಡಕೂಡದು. ಇವು ನಡೆಯುತ್ತಿರುವ ಕಾಲದಲ್ಲಿ ಗರ್ಭ ನಿಲ್ಲದಂತೆ ನಿರೋಧ್ ಅಥವಾ ಬೇರೆ ಸೂಕ್ತ ವಿಧಾನವನ್ನು ದಂಪತಿಗಳು ಅನುಸರಿಸಬೇಕು. ಸ್ಟಿರಾಯ್ಡ್ ಚುಚ್ಚುಮದ್ದನ್ನು ಗಂಟಿಗೆ ಮಾತ್ರ ಕೊಟ್ಟರೂ ಕೆಲವರಲ್ಲಿ ಆ ತಿಂಗಳ ಮುಟ್ಟು ಏರುಪೇರಾಗುತ್ತದೆ. ಮುಟ್ಟು ನಿಂತಿತೆಂದು ಹರ್ಷಿಸುವ ಅಥವಾ ಹೆದರುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದರೆ, ತಣ್ಣೀರು ಸೋಕಿದರೆ ಮೈಮೇಲೆ ದದ್ದು ಏಳುವಂತಿದ್ದರೆ, ಚಳಿಗೆ ಬೆರಳುಗಳು ಬೆಳ್ಳಗಾಗಿ ಮರಗಟ್ಟುವಂತಿದ್ದರೆ ಅದನ್ನೂ ಮರೆಯದೆ ತಿಳಿಸಿ.

ನಿಮ್ಮ ಮಗುವಿನ ಕಿವಿ

ತಂದೆಗಾಗಲಿ ತಾಯಿಗಾಗಲಿ ಒಡಹುಟ್ಟಿದವರಿಗಾಗಲಿ ಇಂತಹ ಗಂಟು ಇದ್ದಲ್ಲಿ ಮಗುವಿನ ಕಿವಿ ಚುಚ್ಚಿಸುವುದನ್ನು ಬಿಡುವುದೇ ಕ್ಷೇಮ. ಶಾಸ್ತ್ರಕ್ಕೆ ಕುಂದಾಗುವುದೆಂದು ಹಿರಿಯರು ನೊಂದರೆ ಚುಚ್ಚದೆ ಸಿಕ್ಕಿಸುವ ಓಲೆಗಳಿವೆಯೆಂದು ಸಮಾಧಾನ ಹೇಳಬಹುದು. ಚುಚ್ಚಿಸುವ ಮನೆತನದವರು ಹನ್ನೊಂದು ವರ್ಷ ದಾಟುವವರೆಗೆ ಕಾಯಬಾರದು. ಆ ವಯಸ್ಸಿನ ಮೇಲೆ ಚುಚ್ಚಿಸಿದವರಲ್ಲಿ ಗಂಟು ಹೆಚ್ಚೆಂದು ಕಂಡುಬಂದಿದೆ. ಹಾಗೆಂದು ಹಸುಗೂಸಿಗೂ ಆತುರ ಬೇಡ. 6, 10 ಮತ್ತು 14ನೆಯ ವಾರಗಳ ಪೆಂಟಾವಲೆಂಟ್ ಚುಚ್ಚುಮದ್ದುಗಳು ಮುಗಿದರೆ ಧನುರ್ವಾಯುವಿನ ಭಯ ತಗ್ಗುತ್ತದೆ, ಅಲ್ಲಿಯವರೆಗೆ ತಡೆಯಿರಿ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಗೊಡಬೇಡಿ. ಹಾಲೆಯನ್ನಷ್ಟೇ ಚುಚ್ಚಿಸಿ, ಮೇಲಂಚಿನ ಮೃದ್ವಸ್ಥಿ ಬೇಡ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಭದ್ರಾವತಿಯ ತಾಲ್ಲೂಕು ಆಸ್ಪತ್ರೆಗೆ ಬಂದು ತೋರಿಸಿ. ಉಬ್ಬಿದ್ದೆಲ್ಲ ಕೀಲಾಯ್ಡ್ ಅಲ್ಲ. ಕೊಬ್ಬಿನ ಗಂಟೋ ಕೀವಿನ ಗುಳ್ಳೆಯೋ ಆಗಿದ್ದರೆ ಚಿಕಿತ್ಸೆಯೇ ಬೇರೆ. ಅಲ್ಲಿಂದ ಚೀಟಿ ಪಡೆದು ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಚರ್ಮರೋಗ ವಿಭಾಗವನ್ನು ಕಾಣಬಹುದು. ದ್ರವ ಸಾರಜನಕ ಎಷ್ಟು ಜೋಪಾನ ಮಾಡಿದರೂ ಆವಿಯಾಗುತ್ತಲೇ ಇರುವ ಪದಾರ್ಥ. ಯಾವ ದಿನ ಶೈತ್ಯ ಚಿಕಿತ್ಸೆ ನಡೆಯುವುದೆಂದು ಮೊದಲ ಭೇಟಿಯಲ್ಲಿಯೇ ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಸರದಿಗಳ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸರದಿ ತಪ್ಪಿಸಿಕೊಳ್ಳುವವರೇ ಹೆಚ್ಚು. ಬಿಡುವಿನ ಕಾಲ ನೋಡಿ ಆರಂಭಿಸುವುದು ಜಾಣತನ.

ಆ ಯುವತಿ ಮೂರು ತಿಂಗಳ ಬಳಿಕ ಗಂಡನೊಡನೆ ಮತ್ತೆ ಬಂದಳು. ಹೆಪ್ಪುಗಟ್ಟಿಸಿದ ಅರ್ಧಭಾಗ ತಗ್ಗಿರುವುದನ್ನು ಆತನೇ ಬೆರಳಿನಿಂದ ಮುಟ್ಟಿ ಕಂಡುಕೊಂಡಿದ್ದನು. ಮುಂದಿನ ಐದು ಸರದಿಗಳಿಗೂ ಜೊತೆಗೆ ಬಂದು, ಮನೆಯಲ್ಲಿ ಗಾಯ ತೊಳೆಯುವ ಕೆಲಸವನ್ನೂ ಆತನೇ ವಹಿಸಿಕೊಂಡನು. ಕಿವಿಯ ಹಿಂಬದಿಯ ಗಾಯ ಆಕೆಗೆ ತಾನೇ ಕಾಣುವಂತಿರಲಿಲ್ಲ. ಈಗ ಅಲ್ಲಿ ಉಳಿದಿರುವುದು ಒಂದು ಚಪ್ಪಟೆ ಬಿಳಿಯ ಗುರುತು. ಆ ಕಿವಿಗೆ ಆಕೆ ಮತ್ತೆ ರಂಧ್ರ ಮಾಡಿಸಿಲ್ಲ. ಗಂಟು ಎರಡು ವರ್ಷಗಳವರೆಗೂ ಮರಳಬಹುದಾದ್ದರಿಂದ ಮೂರು ತಿಂಗಳಿಗೊಮ್ಮೆ ಬಂದು ತೋರಿಸುವಂತೆ ಹೇಳಿದ್ದೇನೆ. ನಡುವೆ ಸಾಸಿವೆಯಷ್ಟು ಗಟ್ಟಿ ಕೈಗೆ ಸಿಕ್ಕಿದರೂ ಮೂರು ತಿಂಗಳು ಕಾಯಬಾರದೆಂದು ಗಂಡನಿಗೆ ಹೇಳಿದ್ದೇನೆ.